ವ್ಯಾನಿನೊಳಗೆ ಟವರ್ ಸಿಗುತ್ತಿಲ್ಲವೇ? ಪುಣೆ–ಗೋವಾ ದಾರಿಯಲ್ಲಿ ನಾವು ಕಲಿತದ್ದು

ಜುಲೈ ತಿಂಗಳು, ಆಂಬೋಲಿ ಘಾಟು, ಧೋ ಅಂತ ಮಳೆ. ವ್ಯಾನಿನ ಹಿಂದೆ ಮಡಚುವ ಮೇಜು ಹಾಕಿಕೊಂಡು ನಮ್ಮವರು ಆಫೀಸಿನ ಮೀಟಿಂಗಿಗೆ ಕೂತಿದ್ದರು. "ಹಲೋ, ಕೇಳಿಸ್ತಿದೆಯಾ?" ಅಂತ ಆರು ಸಲ ಕೇಳಿದರು. ಪಕ್ಕದಲ್ಲಿದ್ದ ನನಗೊಬ್ಬಳಿಗೇ ಕೇಳಿಸಿತು. ಸಿಟ್ಟಿನಿಂದ ಛತ್ರಿ ಹಿಡಿದು ಇಳಿದು ಎದುರಿನ ಚಹಾ ಅಂಗಡಿಯ ತಾಡಪತ್ರಿ ಕೆಳಗೆ ನಿಂತರು. ಹತ್ತು ಹೆಜ್ಜೆ ಅಷ್ಟೇ. ಮೀಟಿಂಗ್ ಆರಾಮಾಗಿ ಮುಗಿಯಿತು.

ಅಂದರೆ ಟವರ್ ಇತ್ತು. ಅದನ್ನು ಒಳಗೆ ಬಿಡದೆ ಇದ್ದದ್ದು ನಮ್ಮ ವ್ಯಾನು.

ನಾವಿರುವುದು ಪುಣೆಯ ಕೊತ್ರೂಡ್‌ನಲ್ಲಿ. ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಮಲಗುವ, ಅಡುಗೆ ಮಾಡುವ ಹಾಗೆ ಬದಲಾಯಿಸಿಕೊಂಡು ಕೊಂಕಣ, ಗೋವಾ ಸುತ್ತುತ್ತೇವೆ. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕ್ಯಾರವಾನ್ ನೀತಿ ತಂದಮೇಲೆ ಬಾಡಿಗೆಗೆ ತೆಗೆದುಕೊಂಡು ಹೋಗುವವರನ್ನೂ ನೋಡುತ್ತಿದ್ದೇನೆ. ಸ್ವಂತದ್ದಿರಲಿ, ಬಾಡಿಗೆಯದ್ದಿರಲಿ, ಕೆಳಗಿನದನ್ನು ಬರೆದ ಕ್ರಮದಲ್ಲೇ ಮಾಡಿ. ಮೊದಲಿನವಕ್ಕೆ ದುಡ್ಡು ಬೇಡ. ನಾವು ತಲೆಕೆಳಗಾಗಿ ಮಾಡಿದೆವು: ಮೊದಲು ಸಾಮಾನು ಕೊಂಡೆವು, ಆಮೇಲೆ ಅಳೆದೆವು.

ಮೊದಲು ಎಲ್ಲಿ ಸೋರುತ್ತಿದೆ ನೋಡಿ

"ನೆಟ್ ಸ್ಲೋ" ಅನ್ನುವುದರಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ. ಟವರ್‌ನಿಂದ ನಿಮ್ಮ ಫೋನು ಅಥವಾ ರೌಟರ್‌ವರೆಗಿನ ದಾರಿ ಒಂದು. ರೌಟರ್‌ನಿಂದ ಲ್ಯಾಪ್‌ಟಾಪ್‌ವರೆಗಿನ ವೈಫೈ ದಾರಿ ಇನ್ನೊಂದು. ಲ್ಯಾಪ್‌ಟಾಪಿನಲ್ಲಿ ವೈಫೈ ಕಡ್ಡಿ ಪೂರ್ತಿ ಇದ್ದರೆ ರೌಟರ್ ನಿಮ್ಮ ಹತ್ತಿರ ಇದೆ ಅಂತಷ್ಟೇ ಅರ್ಥ. ರೌಟರ್‌ಗೆ ಟವರ್ ಸಿಕ್ಕಿದೆ ಅಂತಲ್ಲ.

ಫೋನಿನ ಕಡ್ಡಿಗಳನ್ನೂ ನಂಬಬೇಡಿ. ಯಾವ ಮಟ್ಟಕ್ಕೆ ಎಷ್ಟು ಕಡ್ಡಿ ಅನ್ನುವುದನ್ನು ಒಂದೊಂದು ಫೋನು ಒಂದೊಂದು ರೀತಿ ತೋರಿಸುತ್ತದೆ. ನಮಗೆ ಬೇಕಾದ್ದು ಡಿಬಿಎಂ ಲೆಕ್ಕ, ಅಂದರೆ ಸಿಗ್ನಲ್ಲಿನ ಶಕ್ತಿಯನ್ನು ಅಳೆಯುವ ಸಂಖ್ಯೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ನೋಡಿ. ಕೆಲವು ಫೋನುಗಳಲ್ಲಿ ಇದು ಸಿಗುವುದಿಲ್ಲ, ಆಗ ನೆಟ್‌ಮಾನ್‌ಸ್ಟರ್‌ನಂಥ ಉಚಿತ ಆ್ಯಪ್ ಹಾಕಿಕೊಳ್ಳಿ. ಐಫೋನ್‌ನಲ್ಲಿ *3001#12345#* ಒತ್ತಿ ಕರೆ ಮಾಡಿದರೆ ಒಂದು ಪುಟ ತೆರೆಯುತ್ತದೆ. ಅದರಲ್ಲಿ ಆರ್‌ಎಸ್‌ಆರ್‌ಪಿ ಅನ್ನುವ ಸಾಲು ಹುಡುಕಿ, ಈ ಲೆಕ್ಕ ಅಲ್ಲಿರುತ್ತದೆ.

ಈ ಸಂಖ್ಯೆ ಯಾವಾಗಲೂ ಮೈನಸ್‌ನಲ್ಲಿರುತ್ತದೆ. ಸಾಲ ಇದ್ದ ಹಾಗೆ, ಕಡಿಮೆ ಇದ್ದಷ್ಟು ಒಳ್ಳೆಯದು. -80 ಇದ್ದರೆ ರಾಜವೈಭೋಗ. -90ರಿಂದ -100ರ ಒಳಗೆ ವಿಡಿಯೊ ಕರೆ ಸಾಮಾನ್ಯವಾಗಿ ನಡೆಯುತ್ತದೆ. -105 ದಾಟಿದರೆ ತಡವರಿಸುತ್ತದೆ. -115ರಲ್ಲಿ ವಾಟ್ಸ್ಆ್ಯಪ್ ಮೆಸೇಜ್ ಹೋದರೆ ಪುಣ್ಯ. ಇಲ್ಲಿ 10 ಅಂಕಿ ಇಳಿಯಿತು ಅಂದರೆ ಕೈಗೆ ಸಿಗುವ ಶಕ್ತಿ ಹತ್ತರಲ್ಲಿ ಒಂದು ಪಾಲು ಆಯಿತು ಅಂತ. ಹಾಗಾಗಿ ಐದಾರು ಅಂಕಿ ಸುಧಾರಿಸಿದರೂ ಅದು ಸಣ್ಣ ಲಾಭವಲ್ಲ.

ಈಗ ನಾಲ್ಕು ಕಡೆ ಅಳೆಯಿರಿ: ಮಲಗುವ ಜಾಗ, ಡ್ಯಾಶ್‌ಬೋರ್ಡ್, ವ್ಯಾನಿನ ಹೊರಗೆ, ಸಾಧ್ಯವಾದರೆ ಚಾವಣಿಯ ಮೇಲೆ. ಫೋನು ಸಂಖ್ಯೆ ಬದಲಿಸಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ, ಒಂದೊಂದು ಕಡೆ ಅರ್ಧ ನಿಮಿಷ ಕಾಯಿರಿ. ಆ ದಿನ ಆಂಬೋಲಿಯಲ್ಲಿ ನಮಗೆ ಒಳಗೆ -113, ಹೊರಗೆ -99 ಬಂತು. ಒಳಗೂ ಹೊರಗೂ ಇಷ್ಟು ವ್ಯತ್ಯಾಸ ಇದ್ದರೆ ಮುಂದಿನ ಹೆಜ್ಜೆ ನಿಮಗಾಗಿಯೇ ಇದೆ. ಎರಡೂ ಕಡೆ ಒಂದೇ ಥರ ಕೆಟ್ಟದಾಗಿದ್ದರೆ ಅದನ್ನು ಬಿಟ್ಟು ನಿಲ್ಲಿಸುವ ಜಾಗದ ವಿಷಯಕ್ಕೆ ಹೋಗಿ.

ತಗಡಿನ ಡಬ್ಬದಲ್ಲಿ ಕಿಂಡಿ ಹುಡುಕುವುದು

ವ್ಯಾನ್ ಅಂದರೆ ತಗಡಿನ ಡಬ್ಬ. ರೇಡಿಯೊ ಅಲೆ ತಗಡನ್ನು ದಾಟುವುದಿಲ್ಲ, ಗಾಜಿನಿಂದ ನುಗ್ಗುತ್ತದೆ. ನಾವೇನು ಮಾಡಿದ್ದೆವು ಗೊತ್ತಾ? ಗೋವಾ ಬಿಸಿಲಿಗೆ ಹೆದರಿ ಎಲ್ಲಾ ಕಿಟಕಿಗೂ ಬೆಳ್ಳಿ ಬಣ್ಣದ ಫಾಯಿಲ್ ಶೀಟ್ ಕತ್ತರಿಸಿ ಅಂಟಿಸಿದ್ದೆವು. ಸೆಕೆ ತಡೆಯಲು ಅದು ಬಹಳ ಒಳ್ಳೆಯದು. ಆದರೆ ಅದರಲ್ಲಿರುವುದೂ ಅಲ್ಯೂಮಿನಿಯಂ. ಇದ್ದ ನಾಲ್ಕು ಕಿಂಡಿಯನ್ನೂ ನಾವೇ ಮುಚ್ಚಿದ್ದೆವು.

ಕೆಲಸ ಮಾಡುವಾಗ ಟವರ್ ಇರುವ ಕಡೆಯ ಒಂದು ಕಿಟಕಿಯ ಶೀಟ್ ತೆಗೆಯಿರಿ. ಬಿಸಿಲು ಬಂದರೆ ಹತ್ತಿ ಬಟ್ಟೆಯ ಪರದೆ ಇಳಿಬಿಡಿ, ಬಟ್ಟೆ ಸಿಗ್ನಲ್‌ಗೆ ಅಡ್ಡಿಯಲ್ಲ. ಇದೊಂದನ್ನು ಮಾಡಿದ್ದಕ್ಕೆ ನಮಗೆ ಎಂಟು ಅಂಕಿ ವಾಪಸ್ ಬಂತು.

ನಂತರ ಫೋನನ್ನು ಕೈಯಿಂದ ಬಿಡಿಸಿ. ಒಂದು ಫೋನು ಟವರ್‌ಗೆ ಮೀಸಲು, ಅದು ಗಾಜಿಗೆ ಅಂಟಿಕೊಂಡಿರಲಿ. ಹಾಟ್‌ಸ್ಪಾಟ್ ಹಾಕಿ, ನೀವು ಮೇಜಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರಿ. ಗಾಜಿನ ಮೇಲೂ ಫೋನನ್ನು ಆಚೀಚೆ ಸರಿಸಿ ನೋಡಿ. 1800 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ ಸುಮಾರು 17 ಸೆಂಟಿಮೀಟರ್. ಬಂಡೆ, ಮರ, ಪಕ್ಕದ ಗಾಡಿಗಳಿಗೆ ಬಡಿದು ಬಂದ ಅಲೆಗಳು ಒಂದು ಕಡೆ ಕೂಡಿ, ಗೇಣು ದೂರದಲ್ಲಿ ಒಂದನ್ನೊಂದು ಕಳೆಯುತ್ತವೆ. "ಇಲ್ಲಿಟ್ರೆ ಬರುತ್ತೆ, ಅಲ್ಲಿಟ್ರೆ ಬರಲ್ಲ" ಅನ್ನುವುದು ಭ್ರಮೆ ಏನಲ್ಲ.

ಇನ್ನೂ ಸಾಲದಿದ್ದರೆ ಫೋನನ್ನೇ ಹೊರಗೆ ಕಳಿಸಿ. ಜಿಪ್ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಟ್ಟೆ ಒಣಹಾಕುವ ಕೋಲಿನ ತುದಿಗೆ ಕಟ್ಟಿ, ನೆರಳಿನ ಕಡೆಯ ಕಿಟಕಿಯ ಹೊರಗೆ ಎತ್ತಿ ನಿಲ್ಲಿಸಿ. ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್‌ಗೆ ಇಡಿ, ಅದು 5 ಗಿಗಾಹರ್ಟ್ಸ್‌ಗಿಂತ ದೂರ ಹೋಗುತ್ತದೆ. ಬಿಸಿಲಿಗೆ ಮಾತ್ರ ಇಡಬೇಡಿ. ಮೇ ತಿಂಗಳಲ್ಲಿ ಡ್ಯಾಶ್‌ಬೋರ್ಡ್ ಮೇಲಿಟ್ಟ ನಮ್ಮ ಫೋನು ಕಾದು ಹಾಟ್‌ಸ್ಪಾಟನ್ನು ತಾನೇ ಬಂದ್ ಮಾಡಿತ್ತು.

ವೈಫೈ ಕಾಲಿಂಗ್ ಕೂಡ ಹಾಕಿಟ್ಟುಕೊಳ್ಳಿ. ಆಗ ಒಳಗಿರುವ ಫೋನಿಗೆ ಟವರ್ ಇಲ್ಲದಿದ್ದರೂ ಹೊರಗಿನ ಹಾಟ್‌ಸ್ಪಾಟ್ ಮೇಲೆ ಮಾಮೂಲಿ ಕರೆ ಬರುತ್ತದೆ. ಧಾರವಾಡದಿಂದ ನಮ್ಮ ಅವ್ವ "ಎಲ್ಲಿದ್ದೀಯವಾ, ಫೋನ್ ಹತ್ತವಲ್ದು" ಅನ್ನುವುದು ಅರ್ಧ ಕಡಿಮೆಯಾದದ್ದು ಇದರಿಂದಲೇ.

ಎಲ್ಲಿ ನಿಲ್ಲಿಸುತ್ತೀರಿ?

ಗಾಡಿಗೆ ಗಾಲಿ ಇರುವುದೇ ನಮ್ಮ ದೊಡ್ಡ ಅನುಕೂಲ, ಅಲ್ವಾ? ಮನೆಯನ್ನು ಜರುಗಿಸಲು ಆಗುವುದಿಲ್ಲ, ವ್ಯಾನನ್ನು ಜರುಗಿಸಬಹುದು.

ಕೊಂಕಣದಲ್ಲಿ ಸಮುದ್ರದ ಅಂಚಿಗೆ ಜಂಬಿಟ್ಟಿಗೆಯ ಎತ್ತರದ ಬಯಲು ಇರುತ್ತದೆ, ಅಲ್ಲಿಯವರು ಸಡಾ ಅನ್ನುತ್ತಾರೆ. ಅದರ ಮೇಲೆ ನಿಂತರೆ ದೂರದ ಟವರ್ ಕೂಡ ನೇರ ಕಾಣುತ್ತದೆ. ಅದೇ ಇಳಿಜಾರು ಇಳಿದು ಮರಳಿನ ಪಕ್ಕಕ್ಕೆ ಹೋದರೆ ಹಿಂದಿನ ಗುಡ್ಡವೇ ಗೋಡೆ. ದಕ್ಷಿಣ ಗೋವಾದ ಕಾಣಕೋಣದ ಕಡೆ ಇದನ್ನು ಚೆನ್ನಾಗಿ ನೋಡಬಹುದು. ಅಲ್ಲಿ ನಾವು ಬೆಳಿಗ್ಗೆ ಮೇಲೆ ನಿಲ್ಲಿಸಿ ಕೆಲಸ ಮುಗಿಸುತ್ತೇವೆ, ಸಂಜೆ ಕೆಳಗೆ ಹೋಗುತ್ತೇವೆ. ಅಂದಹಾಗೆ ಗೋವಾದಲ್ಲಿ ಬೀಚಿನ ಮರಳಿನ ಮೇಲೆ ಗಾಡಿ ಓಡಿಸುವುದು ಕಾನೂನಿಗೆ ವಿರುದ್ಧ. ಸಿಗ್ನಲ್ ಹುಡುಕುತ್ತಾ ಅಲ್ಲಿಗೆ ಇಳಿಯಬೇಡಿ.

ಘಾಟಿನಲ್ಲಿ ಒಂದು ತಿರುವು ಹೆಚ್ಚುಕಡಿಮೆಯಾದರೂ ಲೆಕ್ಕ ಬದಲಾಗುತ್ತದೆ. ಪುಣೆಯಿಂದ ಮಾಣಗಾಂವ್‌ಗೆ ಇಳಿಯುವ ತಾಮ್ಹಿಣಿ ಘಾಟಿನಲ್ಲಿ ಕಣಿವೆ ತೆರೆದುಕೊಳ್ಳುವ ಕಡೆ ಫೋನು ಜೀವ ಹಿಡಿಯುತ್ತದೆ, ಬೆಟ್ಟದ ಮಗ್ಗುಲಿಗೆ ಹೋದರೆ ಸಾಯುತ್ತದೆ. ಮಳೆಗಾಲದಲ್ಲಿ ತೊಂದರೆ ಕೊಡುವುದು ಮಳೆಹನಿಗಿಂತ ಒದ್ದೆ ಎಲೆಗಳು. ಮೊಬೈಲಿನ ಅಲೆಗಳಿಗೆ ಮಳೆ ದೊಡ್ಡ ಅಡ್ಡಿಯೇ ಅಲ್ಲ, ನೀರು ಕುಡಿದ ದಟ್ಟ ಮರಗಳು ಮಾತ್ರ ಅಲೆಯನ್ನು ನುಂಗುತ್ತವೆ. ಮಾವಿನ ತೋಪಿನ ನೆರಳು ಚಂದವೇ, ಆದರೆ ಮೀಟಿಂಗ್ ಇರುವ ದಿನ ತೋಪಿನ ಅಂಚಿಗೆ ಬನ್ನಿ.

ಹೊರಡುವ ಮೊದಲೇ ನಕ್ಷೆ ನೋಡಿಕೊಳ್ಳುವುದು ಇನ್ನೂ ಒಳ್ಳೆಯದು. ಮೊಬೈಲ್ ಕಂಪನಿಗಳ ವೆಬ್‌ಸೈಟಿನಲ್ಲಿ ಕವರೇಜ್ ನಕ್ಷೆ ಇದೆ. ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ಹತ್ತಿರದ ಟವರ್‌ಗಳು ಎಲ್ಲಿವೆ ಅಂತಲೂ ಕಾಣುತ್ತದೆ. ನಕ್ಷೆಯಲ್ಲಿ ಬಣ್ಣ ಇದ್ದ ಕಡೆಯೆಲ್ಲ ವ್ಯಾನಿನೊಳಗೂ ಬರುತ್ತದೆ ಅಂತ ಮಾತ್ರ ತಿಳಿಯಬೇಡಿ.

ಸಿಮ್ ಎರಡು, ಕಂಪನಿಯೂ ಎರಡು

ಒಂದೇ ಕಂಪನಿಯ ಎರಡು ಸಿಮ್ ಇಟ್ಟುಕೊಂಡವರನ್ನು ನೋಡಿದ್ದೇನೆ. ಅದರಿಂದ ಏನೂ ಉಪಯೋಗವಿಲ್ಲ. ಕಂಪನಿ ಬೇರೆ ಇರಲಿ. ಒಂದಕ್ಕೆ ದೊಡ್ಡ ಡೇಟಾ ಪ್ಲಾನ್, ಇನ್ನೊಂದಕ್ಕೆ ಸಣ್ಣದು ಸಾಕು, ಬೇಕಾದಾಗ ಡೇಟಾ ಪ್ಯಾಕ್ ಹಾಕಿಸಿಕೊಂಡರಾಯಿತು. ವಿಡಿಯೊ ಮೀಟಿಂಗ್ ಗಂಟೆಗೆ ಸುಮಾರು 1 ಜಿಬಿ ತಿನ್ನುತ್ತದೆ, ಅದನ್ನು ನೋಡಿಕೊಂಡು ಲೆಕ್ಕ ಹಾಕಿ.

ಬ್ಯಾಂಡ್, ಅಂದರೆ ಕಂಪನಿ ಬಳಸುವ ಫ್ರೀಕ್ವೆನ್ಸಿಯ ಪಟ್ಟಿ, ಅದರ ವಿಷಯ ಸ್ವಲ್ಪ ತಿಳಿದಿದ್ದರೆ ಒಳ್ಳೆಯದು. ಕಡಿಮೆ ಫ್ರೀಕ್ವೆನ್ಸಿ ದೂರ ಹೋಗುತ್ತದೆ, ಮರ ಗೋಡೆಗಳನ್ನೂ ಹೆಚ್ಚು ದಾಟುತ್ತದೆ. ಹೆಚ್ಚು ಫ್ರೀಕ್ವೆನ್ಸಿ ವೇಗ ಕೊಡುತ್ತದೆ, ಬೇಗ ಸೋಲುತ್ತದೆ. ಜಿಯೊ 4ಜಿಗೆ 850, 1800, 2300 ಮೆಗಾಹರ್ಟ್ಸ್ ಬಳಸುತ್ತದೆ. ಏರ್‌ಟೆಲ್ 900, 1800, 2100, 2300 ಬಳಸುತ್ತದೆ. ನಮ್ಮಲ್ಲಿ 5ಜಿ ಜಾಸ್ತಿ ಓಡುವುದು 3300 ಮೆಗಾಹರ್ಟ್ಸ್‌ನಿಂದ ಮೇಲಿನ ಬ್ಯಾಂಡಿನಲ್ಲಿ. ಅದಕ್ಕೇ ಊರ ಹೊರಗೆ ಫೋನು 5ಜಿ ಹಿಡಿಯಲು ಒದ್ದಾಡುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಬ್ಯಾಟರಿಯೂ ಖಾಲಿ. ಅಂಥ ಕಡೆ ಸೆಟ್ಟಿಂಗಿನಲ್ಲಿ 4ಜಿಗೆ ಇಳಿಸಿಬಿಡಿ. ಮರ್ಯಾದೆ ಏನೂ ಹೋಗುವುದಿಲ್ಲ.

ಇನ್ನೊಂದು, ಗಡಿಯ ವಿಷಯ. ಮೊಬೈಲ್ ಲೆಕ್ಕದಲ್ಲಿ ಗೋವಾ ಮಹಾರಾಷ್ಟ್ರ ಸರ್ಕಲ್‌ಗೆ (ಮೊಬೈಲ್ ಸೇವೆಯ ವಲಯಕ್ಕೆ) ಸೇರಿದೆ, ಮುಂಬೈ ಬೇರೆ ಸರ್ಕಲ್. ಪೋಳೆ ದಾಟಿ ಕಾರವಾರಕ್ಕೆ ಬಂದರೆ, ಅಥವಾ ಕೊಲ್ಹಾಪುರ ದಾಟಿ ನಿಪ್ಪಾಣಿಗೆ ಬಂದರೆ, ಕರ್ನಾಟಕ ಸರ್ಕಲ್. ದಾಟುವಾಗ ಫೋನು ಹಳೆಯ ಟವರ್‌ನ ಸೆರಗು ಹಿಡಿದುಕೊಂಡು ಕೂರುತ್ತದೆ, ಹೊಸದು ಪಕ್ಕದಲ್ಲೇ ಇದ್ದರೂ ನೋಡುವುದಿಲ್ಲ. ಫ್ಲೈಟ್ ಮೋಡ್ ಹಾಕಿ, ಹತ್ತು ಸೆಕೆಂಡ್ ಬಿಟ್ಟು ತೆಗೆಯಿರಿ. ರೋಮಿಂಗ್ ಡೇಟಾ ಆನ್ ಇದೆಯಾ ಅಂತಲೂ ನೋಡಿ.

ಕಡ್ಡಿ ತುಂಬಾ ಇವೆ, ನೆಟ್ ಇಲ್ಲ

ಡಿಸೆಂಬರ್ 31ರ ರಾತ್ರಿ ಗೋವಾದ ಬಾಗಾ ಬೀಚಿನಲ್ಲಿ, ಶನಿವಾರ ಸಂಜೆ ಪುಣೆ ಹತ್ತಿರದ ಪವನಾ ಕೆರೆಯ ಟೆಂಟುಗಳ ನಡುವೆ, ಸಿಗ್ನಲ್ -80 ಇರುತ್ತದೆ, ಫೋಟೊ ಮಾತ್ರ ಹೋಗುವುದಿಲ್ಲ. ಟವರ್ ಹತ್ತಿರವೇ ಇದೆ, ಸಾವಿರ ಜನ ಅದರ ಕೊರಳಿಗೆ ಬಿದ್ದಿದ್ದಾರೆ. ಇಲ್ಲಿ ಆಂಟೆನಾ ಕೊಂಡರೆ ದುಡ್ಡು ದಂಡ. ಇನ್ನೊಂದು ಸಿಮ್ಮಿಗೆ ಬದಲಾಯಿಸಿ, ಅಥವಾ ಬೆಳಿಗ್ಗೆ ಆರಕ್ಕೆ ಎದ್ದು ಕೆಲಸ ಮಾಡಿ. ಗೋವಾದಲ್ಲಿ ಆ ಹೊತ್ತಿಗೆ ಎದ್ದಿರುವವರು ಮೀನುಗಾರರು, ಬ್ರೆಡ್ ಮಾರುವ ಪೊದೇರ್‌ಗಳು, ನೀವು.

ಈಗ ದುಡ್ಡು ಬಿಚ್ಚುವ ಮಾತು: ರೌಟರ್, ಆಂಟೆನಾ

ಮೇಲಿನದೆಲ್ಲ ಮಾಡಿಯೂ ವಾರಗಟ್ಟಲೆ ರಸ್ತೆಯಲ್ಲೇ ಕೆಲಸ ಮಾಡುವವರಾದರೆ ಸಿಮ್ ಹಾಕುವ 4ಜಿ ಅಥವಾ 5ಜಿ ರೌಟರ್ ಕೊಳ್ಳಿ, ಅದಕ್ಕೆ ಚಾವಣಿಯ ಮೇಲೆ ಆಂಟೆನಾ ಹಾಕಿಸಿ. ವರ್ಷಕ್ಕೆ ಎರಡು ಸಲ ಹೋಗುವವರು ಈ ಭಾಗ ಹಾರಿಸಿ ಮುಂದೆ ಹೋಗಬಹುದು.

ಕೊಳ್ಳುವಾಗ ಅಂಗಡಿಯಲ್ಲಿ ಒಂದೇ ಪ್ರಶ್ನೆ ಗಟ್ಟಿಯಾಗಿ ಕೇಳಿ: ಇದರಲ್ಲಿ ಮೊಬೈಲ್ ಆಂಟೆನಾ ಬಿಚ್ಚಿ ಬೇರೆ ಹಾಕಲು ಬರುತ್ತದೆಯೇ? ಹಲವು ರೌಟರ್‌ಗಳಲ್ಲಿ ಮೇಲೆ ಕೊಂಬಿನ ಹಾಗೆ ಕಾಣುವುದು ವೈಫೈ ಆಂಟೆನಾ, ಟವರ್ ಹಿಡಿಯುವುದು ಒಳಗೆ ಅಡಗಿರುತ್ತದೆ. ತೂತುಗಳೂ ಮೋಸ ಮಾಡುತ್ತವೆ. ಮೊಬೈಲ್ ಕಡೆ ಸಾಮಾನ್ಯವಾಗಿ ಎಸ್‌ಎಂಎ ಕನೆಕ್ಟರ್, ವೈಫೈ ಕಡೆ ಆರ್‌ಪಿ-ಎಸ್‌ಎಂಎ. ನೋಡಲು ಎರಡೂ ಅಣ್ಣತಮ್ಮಂದಿರು, ತಿರುಗಿಸಿದರೆ ಕೂತೂಬಿಡುತ್ತವೆ, ನಡುವಿನ ಸೂಜಿ ಮಾತ್ರ ಸೇರುವುದಿಲ್ಲ. ನಾವು ಒಂದು ಸಂಜೆಯಿಡೀ "ಆಂಟೆನಾ ಕೆಟ್ಟಿದೆ" ಅಂತ ಬೈದದ್ದು ಇದಕ್ಕೇ.

ಆಂಟೆನಾದಲ್ಲಿ ಎರಡು ಜಾತಿ. ಸುತ್ತಲೂ ಹಿಡಿಯುವುದು ಒಂದು, ಓಡುವ ಗಾಡಿಗೆ ಅದೇ ಸರಿ. ಒಂದೇ ದಿಕ್ಕಿಗೆ ಹಿಡಿಯುವುದು ಇನ್ನೊಂದು. ಹಳೆಯ ದೂರದರ್ಶನದ ಆಂಟೆನಾದಂತೆ ಮೀನಿನ ಮುಳ್ಳಿನ ಆಕಾರ ಇರುತ್ತದೆ, ನಿಲ್ಲಿಸಿದ ಮೇಲೆ ಟವರ್ ಕಡೆ ತಿರುಗಿಸಬೇಕು. ದುರ್ಬಲ ಜಾಗದಲ್ಲಿ ಎರಡನೆಯದರದ್ದೇ ಕೈ ಮೇಲು. 4ಜಿ ಎರಡು ದಾರಿಯಲ್ಲಿ ಒಟ್ಟಿಗೆ ಡೇಟಾ ಕಳಿಸುತ್ತದೆ, ಹಾಗಾಗಿ ಜೋಡಿ ಆಂಟೆನಾ, ಜೋಡಿ ಕೇಬಲ್ ಬೇಕು. ಒಂದನ್ನು ಬಲಕ್ಕೆ 45 ಡಿಗ್ರಿ, ಇನ್ನೊಂದನ್ನು ಎಡಕ್ಕೆ 45 ಡಿಗ್ರಿ ವಾಲಿಸಿ. ತಿರುಗಿಸುವಾಗ ಕೂಗಾಡಬೇಕಿಲ್ಲ, ರೌಟರ್‌ನ ಪುಟವನ್ನು ಫೋನಿನಲ್ಲಿ ತೆರೆದುಕೊಂಡೇ ಏಣಿ ಹತ್ತಿ, ಸಂಖ್ಯೆ ನೋಡುತ್ತಾ ನಿಧಾನ ತಿರುಗಿಸಿ.

ಡಬ್ಬದ ಮೇಲೆ "35 ಡಿಬಿಐ" ಅಂತ ಬರೆದ ಅಗ್ಗದ ಆಂಟೆನಾ ಕಂಡರೆ ನಕ್ಕು ಮುಂದೆ ಹೋಗಿ. ಡಿಬಿಐ ಅಂದರೆ ಆಂಟೆನಾ ಸಿಗ್ನಲ್ಲನ್ನು ಎಷ್ಟು ಹೆಚ್ಚಿಸಿ ಹಿಡಿಯುತ್ತದೆ ಅನ್ನುವ ಲೆಕ್ಕ. ಸುತ್ತಲೂ ಹಿಡಿಯುವ ಸಣ್ಣ ಆಂಟೆನಾಕ್ಕೆ 3ರಿಂದ 5 ನಿಜವಾದ ಲೆಕ್ಕ. ಮೀನಿನ ಮುಳ್ಳಿನಂಥದ್ದಕ್ಕೆ 8ರಿಂದ 11.

ಈ ಲಾಭವನ್ನೆಲ್ಲ ಕದಿಯುವ ಕಳ್ಳ ಕೇಬಲ್. ತೆಳ್ಳನೆಯ ಕೇಬಲ್ ಮೀಟರಿಗೆ ಅರ್ಧದಿಂದ ಒಂದು ಡಿಬಿ, ಅಂದರೆ ನಾವು ಅಳೆದ ಲೆಕ್ಕದಲ್ಲಿ ಅಷ್ಟೇ ಅಂಕಿ, ತಿನ್ನುತ್ತದೆ. "ಇರಲಿ, ಜಾಸ್ತಿ ಇದ್ದರೆ ಒಳ್ಳೇದು" ಅಂತ ನಾವು 10 ಮೀಟರ್ ತಂದು, ಉಳಿದದ್ದನ್ನು ಸುರುಳಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದೆವು. ಆಂಟೆನಾ ಮೇಲೆ ಗಳಿಸಿದ್ದು ಆ ಸುರುಳಿಯಲ್ಲೇ ಖರ್ಚಾಗಿ ಹೋಯಿತು. 3 ಮೀಟರ್ ದಾಟಿಸಬೇಡಿ. ರೌಟರನ್ನು ಆಂಟೆನಾದ ನೇರ ಕೆಳಗೆ, ಚಾವಣಿಯ ಕಪಾಟಿನಲ್ಲಿಡಿ. ಕಪಾಟಿಗೆ ಗಾಳಿಯ ತೂತು ಇರಲಿ. ಅಲ್ಲಿಂದ ಲ್ಯಾಪ್‌ಟಾಪ್‌ವರೆಗೆ ವೈಫೈ ಆರಾಮಾಗಿ ಬರುತ್ತದೆ.

ಕರೆಂಟು: ಹೆಚ್ಚಿನ ರೌಟರ್ 12 ವೋಲ್ಟಿನವು, ವ್ಯಾನಿನ ಬ್ಯಾಟರಿಯೂ 12. ಆದರೂ ನೇರ ಜೋಡಿಸಬೇಡಿ. ಎಂಜಿನ್ ಓಡುವಾಗ ಅದು 14 ದಾಟುತ್ತದೆ. ನಡುವೆ 12 ವೋಲ್ಟನ್ನು ಸ್ಥಿರವಾಗಿಡುವ ಸಣ್ಣ ಡಿಸಿ ಕನ್ವರ್ಟರ್ ಮತ್ತು ಫ್ಯೂಸ್ ಹಾಕಿಸಿ. 10 ವಾಟಿನ ರೌಟರ್ 10 ಗಂಟೆ ಓಡಿದರೆ ಬ್ಯಾಟರಿಯಿಂದ 8 ಆಂಪಿಯರ್-ಅವರ್‌ಗಿಂತ ಸ್ವಲ್ಪ ಜಾಸ್ತಿ ಹೋಗುತ್ತದೆ, ಅಷ್ಟೇ. ಇದಕ್ಕೋಸ್ಕರ ಇನ್ವರ್ಟರ್ ಓಡಿಸುವುದು ಸುಮ್ನೆ ದಂಡ.

ಬೂಸ್ಟರ್ ಬೇಡ

ಸಿಗ್ನಲ್ ಜೋರುಮಾಡುವ ಈ ಬೂಸ್ಟರನ್ನು ನಾವು ಆನ್‌ಲೈನ್‌ನಲ್ಲಿ ಕೊಂಡು ತಂದಿದ್ದೆವು. ಒಂದು ಪೆಟ್ಟಿಗೆ, ಒಂದು ಬಿಳಿ ಗುಮ್ಮಟ, ಒಂದು ಆಂಟೆನಾ. ನಮ್ಮ ಮೇಲಿನ ಮನೆಯಲ್ಲಿ ಟೆಲಿಫೋನ್ ಇಲಾಖೆಯಿಂದ ರಿಟೈರ್ ಆದ ಬೆಳಗಾವಿಯ ಕಾಕಾ ಒಬ್ಬರಿದ್ದಾರೆ. ಹೆಮ್ಮೆಯಿಂದ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಇದನ್ನ ಹಚ್ಚಬ್ಯಾಡವಾ. ನಿನಗ ಒಂದು ಕಡ್ಡಿ ಜಾಸ್ತಿ ಬರ್ತದ, ಸುತ್ತಲಿನ ಮಂದಿಗೆಲ್ಲಾ ಫೋನ್ ಹತ್ತಂಗಿಲ್ಲ" ಅಂದರು.

ವಿಷಯ ಇಷ್ಟೇ. ಬೂಸ್ಟರ್ ತಾನೇ ಅಲೆಗಳನ್ನು ಜೋರುಮಾಡಿ ಟವರ್ ಕಡೆ ಉಗುಳುತ್ತದೆ. ಅದರ ಜೊತೆ ಗದ್ದಲವನ್ನೂ ಉಗುಳುತ್ತದೆ. ಆ ಟವರ್‌ನಲ್ಲಿರುವ ಎಲ್ಲರ ಕರೆಯೂ ಕೆಡುತ್ತದೆ. ಅದಕ್ಕೇ ನಮ್ಮ ದೇಶದಲ್ಲಿ ಲೈಸೆನ್ಸ್ ಇರುವ ಮೊಬೈಲ್ ಕಂಪನಿಗಳನ್ನು ಬಿಟ್ಟು ಬೇರೆಯವರು ಇದನ್ನು ಹಾಕುವುದು ಅಪರಾಧ. ಅಂಗಡಿಯಲ್ಲಿ ಸಿಗುತ್ತದೆ ಅನ್ನುವುದು ಸಮರ್ಥನೆ ಆಗುವುದಿಲ್ಲ. ರೌಟರ್‌ಗೆ ಹಾಕುವ ಸಾದಾ ಆಂಟೆನಾ ಹಾಗಲ್ಲ, ಅದರಲ್ಲಿ ಆಂಪ್ಲಿಫೈಯರ್ ಇರುವುದಿಲ್ಲ.

ಹೋಂಸ್ಟೇ, ಶ್ಯಾಕ್‌ಗಳ (ಬೀಚಿನ ಗುಡಿಸಲು ಹೋಟೆಲುಗಳ) ವೈಫೈ

ಗೋವಾದಲ್ಲಿ ಅಂಗಳದಲ್ಲಿ ವ್ಯಾನ್ ನಿಲ್ಲಿಸಲು ಕೊಡುವವರು ವೈಫೈಯನ್ನೂ ಕೊಡುತ್ತಾರೆ. ರೌಟರ್ ಎಲ್ಲಿದೆ ಅಂತ ಮೊದಲೇ ಕೇಳಿ, ವ್ಯಾನಿನ ದೊಡ್ಡ ಗಾಜು ಆ ಕಡೆ ಬರುವ ಹಾಗೆ ನಿಲ್ಲಿಸಿ. ಹೊರಗಿನ ವೈಫೈ ಹಿಡಿದು ಒಳಗೆ ಹಂಚುವ ಪುಟ್ಟ ಟ್ರಾವೆಲ್ ರೌಟರ್ ಸಿಗುತ್ತದೆ, ಅದನ್ನು ಕಿಟಕಿಯಲ್ಲಿಡಬಹುದು. ವೇಗ ಅರ್ಧವಾದರೂ ಸಂಪರ್ಕ ಗಟ್ಟಿ ಇರುತ್ತದೆ. ಪಾಸ್‌ವರ್ಡ್ ಇಲ್ಲದ ವೈಫೈಯಲ್ಲಿ ಬ್ಯಾಂಕಿನ ಕೆಲಸ ಬೇಡ.

ಏನೂ ಸಿಗದ ಕಡೆ

ಗೋವಾದ ಮೊಲೆಂ ಬಳಿ ಕಾಡಿನೊಳಗೆ ತಾಂಬ್ಡಿ ಸುರ್ಲಾದ ಮಹಾದೇವ ಗುಡಿ ಇದೆ. ಕದಂಬರ ಕಾಲದ ಕರಿಕಲ್ಲಿನ ಗುಡಿ. ಅಲ್ಲಿ ನಮ್ಮ ಎರಡೂ ಸಿಮ್ ಸತ್ತವು, ಆಂಟೆನಾ ಆಕಾಶ ನೋಡುತ್ತಾ ನಿಂತಿತು. ಇಲ್ಲದ ಸಿಗ್ನಲ್ಲನ್ನು ಯಾವ ಸಾಮಾನೂ ಹುಟ್ಟಿಸುವುದಿಲ್ಲ.

ಅಂಥ ಕಡೆ ಹೋಗುವ ಮುಂಚೆ ಗೂಗಲ್ ಮ್ಯಾಪ್ಸ್‌ನಲ್ಲಿ ಆ ಪ್ರದೇಶವನ್ನು ಆಫ್‌ಲೈನ್ ಇಳಿಸಿಕೊಳ್ಳಿ. ನಗದು ಇಟ್ಟುಕೊಳ್ಳಿ. ಕರೆ ಹೋಗುವಷ್ಟು ಸಿಗ್ನಲ್ ಇದ್ದು ಡೇಟಾ ಇಲ್ಲದಿದ್ದರೆ *99# ಒತ್ತಿ ಯುಪಿಐ ಹಣ ಕಳಿಸಬಹುದು, ಬ್ಯಾಂಕಿಗೆ ಕೊಟ್ಟ ನಂಬರಿನಿಂದ ಮನೆಯಲ್ಲೇ ಒಮ್ಮೆ ಮಾಡಿ ನೋಡಿಕೊಂಡಿರಿ. ನಿಮ್ಮ ಸಿಮ್‌ಗೆ ಟವರ್ ಇಲ್ಲದಿದ್ದರೂ ಬೇರೆ ಕಂಪನಿಯದ್ದು ಇದ್ದರೆ 112ಕ್ಕೆ ಕರೆ ಹೋಗುತ್ತದೆ.

ಮನೆಯವರಿಗೆ ವಾಟ್ಸ್ಆ್ಯಪ್ ಬದಲು ಎಸ್‌ಎಂಎಸ್ ಕಳಿಸಿ, ಅದಕ್ಕೆ ಡೇಟಾ ಬೇಡ. ನಾನು ಮೊಲೆಂ ಚೆಕ್‌ಪೋಸ್ಟಿನಲ್ಲೇ ಅವ್ವನಿಗೆ ಹಾಕಿದ್ದೆ: "ಸಂಜಿ ತನಕ ಫೋನ್ ಹತ್ತಂಗಿಲ್ಲ, ಕಾಡಿನಾಗ ಇರ್ತೀವಿ." ಸಂಜೆ ಹೊರಗೆ ಬಂದಾಗ ಅವಳದ್ದು ಒಂದೇ ಉತ್ತರ ಕಾಯುತ್ತಿತ್ತು. "ಆತವಾ. ಮಂಗ್ಯಾನ ಹಂತ್ಯಾಕ ಚೀಲ ಇಡಬ್ಯಾಡ್ರಿ."